ಕೆಂಪು ಯಾವುದು, ನೀಲಿ ಯಾವುದು

ಬೆಳಕಿನ ನಾಮಫಲಕ ಮಾಡುವ ಆ ಕಾರ್ಖಾನೆಯಲ್ಲಿ ಬೆಸುಗೆ ಹಾಕುವವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೀನಪ್ಪ ಎಂದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅವನ ಮೂಗು ಅದನ್ನು ಉಳಿಯಗೊಡಲಿಲ್ಲ. ಆ ದಿನ ಬೆಳಗ್ಗೆ ಆತ ಸೀನಿದ ರಭಸಕ್ಕೆ ಮೇಜಿನ ಮೇಲಿದ್ದ ಎರಡು ಡಬ್ಬಿ ಎಲ್‌ಇಡಿ ನೆಲಕ್ಕುರುಳಿ ಒಂದಾದವು. ಮುನ್ನೂರು ಕೆಂಪು, ಮುನ್ನೂರು ನೀಲಿ. ಹೊತ್ತಿಸುವ ತನಕ ಎರಡೂ ಜಾತಿ ನೀರಿನ ಹನಿಯಷ್ಟೇ ತಿಳಿ.

ಧಣಿ ಗಿರಾಕಿಯ ಹತ್ತಿರ ಹೋಗಿದ್ದರು, ಸಂಜೆ ಬರುವವರು. "ಇನ್ನೊಂದು ತಪ್ಪಾದ್ರೆ ಮನೇಲೇ ಸೀನ್ಕೊಂಡಿರು" ಎಂದು ಹೋದ ವಾರವಷ್ಟೇ ಹೇಳಿದ್ದರು.

"ಬಣ್ಣದ ವಿಷಯ ನನ್ನ ಕೇಳು," ಎಂದ ಪೇಂಟರ್. "ಅರ್ಧಕ್ಕೆ ಕೆಂಪು ಬಳಿ, ಅರ್ಧಕ್ಕೆ ನೀಲಿ ಬಳಿ. ಕತೆ ಮುಗೀತು."

ನೀಲಿ ಬಳಿದ ಮೊದಲನೆಯದು ಕೆಂಪಿನ ಜಾತಿ. ಹೊತ್ತಿಸಿದರೆ ಉಪವಾಸ ಬಿದ್ದ ಮಿಂಚುಹುಳದಂತೆ ಮಿಣುಕಿತು. ಪೇಂಟರಿಗೆ ಅಷ್ಟರಲ್ಲಿ ಬೇರೆ ಕೆಲಸ ನೆನಪಾಯಿತು.

ಸೀನಪ್ಪ ಆ ಬಣ್ಣ ಒರೆಸಿ, ಹಳೇ ಟಾರ್ಚಿನ ಎರಡು ಸೆಲ್ ಕಿತ್ತು, ಒಂದೊಂದನ್ನೇ ಮುಟ್ಟಿಸುತ್ತ ಕೂತ. ಮಧ್ಯಾಹ್ನದ ಹೊತ್ತಿಗೆ ಮುನ್ನೂರು ಕೆಂಪಗೆ ಬೆಳಗಿದವು. ಉಳಿದವು ಕಣ್ಣೇ ಬಿಡಲಿಲ್ಲ.

"ನೀಲಿ ಎಲ್ಲ ಸತ್ತೋಯ್ತು!" ಎಂದು ಆತ ತಲೆಯ ಮೇಲೆ ಕೈ ಹೊತ್ತ. ಪರೋಪಕಾರಿ ಕಾವಲುಗಾರ ಕೇಳದೆಯೇ ಅವನ್ನು ಬಾಚಿ ಹಿತ್ತಿಲ ಕಸದ ತೊಟ್ಟಿಗೆ ಸುರಿದು ಬಂದ.

ವಿಷಯ ಕೇಳಿದ ಪ್ಯಾಕಿಂಗ್ ಅಕ್ಕ ಹಣೆ ಚಚ್ಚಿಕೊಂಡಳು. "ಬಣ್ಣ ಇರೋದು ಮೇಲಿನ ಪ್ಲಾಸ್ಟಿಕ್ಕಲ್ಲಲ್ಲ ಮಾರಾಯ, ಒಳಗಿರೋ ಹರಳಲ್ಲಿ. ಅದರಲ್ಲಿ ಎಲೆಕ್ಟ್ರಾನು ಒಂದು ಮೆಟ್ಟಿಲು ಧುಮುಕುತ್ತೆ, ಆಗ ಬೆಳಕು ಬರುತ್ತೆ. ಮೆಟ್ಟಿಲು ಗಿಡ್ಡ ಆದ್ರೆ ಕೆಂಪು, ಎತ್ತರ ಆದ್ರೆ ನೀಲಿ. ಧುಮುಕೋಕೆ ಮೊದ್ಲು ಅದನ್ನ ಮೇಲಕ್ಕೆ ಹತ್ತಿಸಬೇಕಲ್ಲ? ನಿನ್ನ ಮುದಿ ಸೆಲ್ಲು ಗಿಡ್ಡದ್ದಕ್ಕೇ ಏದುಸಿರು ಬಿಡ್ತಿದೆ. ನೀಲಿ ಸತ್ತಿಲ್ಲ, ಹೊಸ ಸೆಲ್ ಹಾಕು!"

ಸೀನಪ್ಪ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕಿದ. ಚಹಾದ ಚರಟದಿಂದ, ಹಣ್ಣಿನ ಸಿಪ್ಪೆಯಿಂದ ಮುನ್ನೂರನ್ನೂ ಹೆಕ್ಕಿದ, ತೊಳೆದ, ಒರೆಸಿದ, ಮೂರು ಹೊಸ ಸೆಲ್ಲಿಗೆ ಕರೆಂಟು ಮಿತಿಮೀರದಂತೆ ಒಂದು ರೆಸಿಸ್ಟರ್ ಹಾಕಿ ಒಂದೊಂದನ್ನೂ ಹೊತ್ತಿಸಿದ. ಎಲ್ಲವೂ ನೀಲಿ. ಎರಡೂ ಡಬ್ಬಿಗೆ ಚೀಟಿ ಅಂಟಿಸುವಾಗ ಅವನ ಬೆನ್ನು ಬಿಲ್ಲಾಗಿತ್ತು, ಮನಸ್ಸು ಮಾತ್ರ ಹೂವಾಗಿತ್ತು.

ಅಷ್ಟರಲ್ಲಿ ಧಣಿ ಬಂದರು.

"ಗಿರಾಕಿ ಮನಸ್ಸು ಬದಲಾಯಿಸಿದಾನೆ ಕಣಯ್ಯ. ಕೆಂಪು ಒಂದು ಕಡೆ ನೀಲಿ ಒಂದು ಕಡೆ ಬೇಡವಂತೆ. ಚೆಲ್ಲಾಪಿಲ್ಲಿ ಇರಬೇಕಂತೆ, ಕೈಗೆ ಸಿಕ್ಕಿದ್ದು ಹಾಕಿದ ಹಾಗೆ." ಎರಡೂ ಡಬ್ಬಿಯನ್ನು ಒಂದೇ ಬೋಗುಣಿಗೆ ಬಗ್ಗಿಸಿ, ಕೈಯಾಡಿಸಿ ಚೆನ್ನಾಗಿ ಬೆರೆಸಿದರು. ಆಮೇಲೆ ಖಾಲಿ ಹಲಗೆಯ ಕಡೆ ನೋಡಿದರು.

"ಇನ್ನೂ ಒಂದೂ ಬೆಸುಗೆ ಹಾಕಿಲ್ಲ! ಬೆಳಗ್ಗೆಯಿಂದ ಏನಯ್ಯ ಮಾಡ್ತಿದ್ದೆ?"