ಷಡ್ಡಕರು ಫೇಲ್ ಮಾಡಿದ ಪುಸ್ತಕಗಳು

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿಯೂ ಒಬ್ಬ ವಿದ್ಯಾರ್ಥಿಯನ್ನು ಫೇಲ್ ಮಾಡಲು ಕೈಬರದ ಮನುಷ್ಯ, ನಿವೃತ್ತಿಯಾದ ಮೇಲೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಫೇಲ್ ಮಾಡುತ್ತಿದ್ದಾರೆಂದರೆ ನೀವು ನಂಬುತ್ತೀರಾ? ನಂಬದಿದ್ದರೆ ದಾವಣಗೆರೆಯ ಎಸ್.ಎಸ್. ಬಡಾವಣೆಗೆ ಹೋಗಿ ನಮ್ಮ ಷಡ್ಡಕರ, ಅಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರ, ಮೇಜನ್ನು ನೋಡಿ ಬನ್ನಿ. ನಾನು ಜೊತೆಗೆ ಬರಲಾರೆ. ನನಗೆ ಸಾಕಾಗಿದೆ.

ಈ ಸಲದ ಪ್ರಕರಣ ಶುರುವಾದದ್ದು ಒಂದು ಸೋಮವಾರ. ಅವರ ಮನೆಗೆ ಸಂಜೆ ಪಾಠಕ್ಕೆ ಬರುವ ಭಾನುವಳ್ಳಿಯ ಹುಡುಗಿಯೊಬ್ಬಳು, ಬಿ.ಎಸ್ಸಿ. ಮೊದಲ ವರ್ಷದವಳು, ಬಾಗಿಲಲ್ಲೇ ನಿಂತು, "ಸರ್, ನಾನು ಬಿ.ಎ.ಗೆ ಹೋಗ್ತೀನ್ರಿ. ಕ್ಯಾಲ್ಕುಲಸ್ ನನ್ ತಲೆಗೆ ಹತ್ತಲ್ರಿ" ಎಂದಳು. ಪಿಯುಸಿಯನ್ನು ಬಾಯಿಪಾಠದ ಬಲದಿಂದ ದಾಟಿ ಬಂದವಳು. ಇಲ್ಲಿ ಆ ಬಲ ನಡೆಯುತ್ತಿರಲಿಲ್ಲ. ವಿಷಯ ಬದಲಿಸಲು ಶನಿವಾರ ಕೊನೆಯ ದಿನ.

"ಶುಕ್ರವಾರದ ತನಕ ತಡಿಯವ್ವ. ನಿನಗೆ ತಿಳಿಯೋ ಅಂಥ ಪುಸ್ತಕ ಹುಡುಕಿ ಕೊಡ್ತೀನಿ" ಎಂದುಬಿಟ್ಟರು ಷಡ್ಡಕರು.

ಮಾತು ಕೊಟ್ಟವರು ಅವರು, ಬಸ್ಸು ಹತ್ತಬೇಕಾದವನು ನಾನು. ಹರಿಹರದ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದ ನಿವೃತ್ತ ಕನ್ನಡ ಮೇಷ್ಟರಿಗೂ ಕಲನಶಾಸ್ತ್ರಕ್ಕೂ ಏನು ಸಂಬಂಧ? ಫೋನಿನಲ್ಲಿ ಅದನ್ನೇ ಕೇಳಿದೆ.

"ಏನೂ ಇಲ್ಲ ಮೇಷ್ಟ್ರೇ. ಅದಕ್ಕೇ ನೀವು ಬೇಕು. ನಿಮ್ಮಷ್ಟು ಏನೂ ಗೊತ್ತಿಲ್ದೋರು ದಾವಣಗೆರೆಯಾಗೆ ಸಿಗಲ್ಲ."

ಇಂಥ ಗೌರವವನ್ನು ನಿರಾಕರಿಸುವುದು ಸಭ್ಯತೆಯಲ್ಲ. ಮಂಗಳವಾರ ಹೋದೆ.

ಪುಸ್ತಕದಂಗಡಿಯಲ್ಲಿ ಷಡ್ಡಕರ ಪದ್ಧತಿಯೇ ಬೇರೆ. ಮುನ್ನುಡಿ ನೋಡುವುದಿಲ್ಲ, ಬರೆದವರ ಪದವಿಗಳನ್ನು ನೋಡುವುದಿಲ್ಲ. ಕ್ಯಾಲ್ಕುಲಸ್ಸಿಗೆ ಬುನಾದಿಯಾದ ಲಿಮಿಟ್ ಶುರುವಾಗುವ ಪುಟವನ್ನು ನೇರವಾಗಿ ತೆರೆದು, ನಿಂತಲ್ಲೇ ನನಗೆ ಓದಿ ಹೇಳಿ, ನನ್ನ ಮುಖ ನೋಡಿ, ಜ್ವರ ನೋಡಿದ ಡಾಕ್ಟರರಂತೆ ತಲೆಯಾಡಿಸಿ ಕೆಳಗಿಡುತ್ತಾರೆ. ಎರಡು ಗಂಟೆಯ ಹೊತ್ತಿಗೆ ನಾನು ಪೇಪರಿನ ಕಟ್ಟಿನ ಮೇಲೆ ಕುಳಿತಿದ್ದೆ, ಅಂಗಡಿಯವನ ತಾಳ್ಮೆಯೂ ಕುಳಿತುಬಿಟ್ಟಿತ್ತು.

"ಸರ್, ಹೆಣ್ಣು ನೋಡಾಕೆ ಬಂದೋರು ಉಪ್ಪಿಟ್ಟಾದ್ರೂ ತಿಂದು ಹೋಗ್ತಾರೆ. ನೀವು ಅದೂ ಇಲ್ಲ."

ಷಡ್ಡಕರು ನಾಚಿ ಐದು ಪುಸ್ತಕ ತೆಗೆದುಕೊಂಡರು. ಮೆಚ್ಚಿ ಅಲ್ಲ, ಮನೆಗೆ ಕರೆದೊಯ್ದು ವಿಚಾರಣೆ ನಡೆಸಲು.

ವಿಚಾರಣೆ ನಡೆದದ್ದು ಅಡುಗೆಮನೆಯಲ್ಲಿ. ಅತ್ತಿಗೆಯವರು ರೊಟ್ಟಿ ತಟ್ಟುತ್ತಿದ್ದರು. ಇವರು ಬಾಗಿಲಿಗೊರಗಿ, ಒಂದೊಂದು ಪುಸ್ತಕ ಲಿಮಿಟ್‌ಗೆ ಕೊಟ್ಟ ವ್ಯಾಖ್ಯೆಯನ್ನೂ ಕನ್ನಡಕ್ಕೆ ತಿರುಗಿಸಿ ಗಂಭೀರವಾಗಿ ಓದತೊಡಗಿದರು. ಕೇಳುತ್ತ ಕೇಳುತ್ತ ಅತ್ತಿಗೆಯ ಕೈ ನಿಂತರೆ ಪುಸ್ತಕ ಪಾಸು, ನಿಲ್ಲದಿದ್ದರೆ ಫೇಲು. ನಾಲ್ಕು ಪುಸ್ತಕ ಮುಗಿದವು, ಹನ್ನೆರಡು ರೊಟ್ಟಿಯಾದವು, ಕೈ ನಿಲ್ಲಲಿಲ್ಲ. ಐದನೆಯದಕ್ಕೆ ನಿಂತಿತು.

"ಇವನು ಆಗ್ಲಿಂದ ಹತ್ರ ಹೋಗ್ತೀನಿ, ಹತ್ರ ಹೋಗ್ತೀನಿ ಅಂತಾನೇ ಅದಾನಲ್ಲ, ಮುಟ್ಟೋದು ಯಾವಾಗ?"

ಷಡ್ಡಕರ ಮುಖ ಬೆಳಗಿತು. "ನೋಡಿದ್ರಾ ಮೇಷ್ಟ್ರೇ, ಇಡೀ ಶಾಸ್ತ್ರದಾಗೆ ಕೇಳಬೇಕಾದ ಪ್ರಶ್ನೆ ಇದೊಂದೇ."

"ಉತ್ತರ ಆ ಪುಸ್ತಕದಲ್ಲಿದೆಯೇ?" ಎಂದೆ.

ಹುಡುಕಿದರು. ಇರಲಿಲ್ಲ. ಐದನೆಯದೂ ಫೇಲಾಯಿತು. ನಾನು ರೊಟ್ಟಿ ತಿಂದೆ, ವಾರದಲ್ಲಿ ನನಗೆ ದಕ್ಕಿದ್ದು ಅದೊಂದೇ.

ಅಷ್ಟಕ್ಕೆ ಬಿಟ್ಟರೇ? ಹರಿಹರದ ಬಸ್ಸು ಹತ್ತಿದ ನನ್ನ ಹಿಂದೆಯೇ ಹತ್ತಿದರು. ಪುಸ್ತಕಗಳೆಲ್ಲ ಒಂದು ಕ್ಷಣದ ವೇಗವನ್ನು ವಿವರಿಸಲು ಗೋಪುರದಿಂದ ಕಲ್ಲು ಬೀಳಿಸುತ್ತವಂತೆ. ಭಾನುವಳ್ಳಿಯ ಹುಡುಗಿ ಗೋಪುರವನ್ನೆಲ್ಲಿ ನೋಡಬೇಕು? ದಿನಾ ಓಡಾಡುವ ಬಸ್ಸಿನ ಉದಾಹರಣೆ ಬೇಡವೇ? ಎಂದು ನನ್ನ ಕೈಗೆ ಗಡಿಯಾರ ಕೊಟ್ಟು, ತಾವು ಕಿಟಕಿಯಲ್ಲಿ ಕಿಲೋಮೀಟರ್ ಕಲ್ಲು ನೋಡುತ್ತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಕಂಡಕ್ಟರು ಎರಡು ಸಲ ನೋಡಿದ. ಮೂರನೆಯ ಸಲ ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಅಲ್ಲಿಂದ ಮುಂದೆ ಆ ಬಸ್ಸು ಮದುಮಗಳಂತೆ ನಡೆಯಿತು. ಹರಿಹರದಲ್ಲಿಳಿಯುವಾಗ ಕಂಡಕ್ಟರು ಕೈಮುಗಿದು, "ಸಾಹೇಬ್ರೆ, ರಿಪೋರ್ಟ್ ಚೆನ್ನಾಗಿ ಬರೀರಿ" ಎಂದ.

"ಒಂದೇ ವೇಗದಾಗೆ ಬಂದ್ಬಿಟ್ಟ ಮೇಷ್ಟ್ರೇ, ಲೆಕ್ಕಕ್ಕೆ ಏನೂ ಉಳೀಲಿಲ್ಲ" ಎಂದು ಷಡ್ಡಕರು ಅದೇ ಬಸ್ಸಿನಲ್ಲಿ ವಾಪಸು ಹೋದರು.

ಶುಕ್ರವಾರ ಸಂಜೆ ನನ್ನನ್ನು ಮತ್ತೆ ಕರೆಸಿಕೊಂಡರು. ಬರಿಗೈಯಲ್ಲಿ ಹುಡುಗಿಯ ಮುಖ ನೋಡಲು ಅವರಿಗೆ ಒಬ್ಬರಿಗೇ ಧೈರ್ಯವಿರಲಿಲ್ಲವೆಂದು ತೋರುತ್ತದೆ. ಅವಳು ಅರ್ಜಿ ಬರೆದುಕೊಂಡೇ ಬಂದಿದ್ದಳು. ಸಹಿಯೂ ಆಗಿತ್ತು.

"ಸಿಗಲಿಲ್ಲವ್ವ" ಎಂದರು ಷಡ್ಡಕರು. ಅಷ್ಟು ಸಣ್ಣ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. "ಎಲ್ಲಾ ನೋಡಿದೆ. ಒಂದೂ ನಿನಗೆ ಕೊಡೋ ಹಂಗಿಲ್ಲ."

ಆಗ ನನಗೆ ಹೊಳೆಯಿತು. ಇಷ್ಟು ಪರೀಕ್ಷೆಗಳಲ್ಲಿ ಯಾವ ಪುಸ್ತಕವನ್ನೂ ಅವರು ಆ ಹುಡುಗಿಯ ಕೈಗೆ ಕೊಟ್ಟೇ ಇರಲಿಲ್ಲ. ನನಗೆ ಕೊಟ್ಟರು, ರೊಟ್ಟಿಗೆ ಕೊಟ್ಟರು, ಬಸ್ಸಿಗೆ ಕೊಟ್ಟರು. ಓದಬೇಕಾದವಳನ್ನು ಬಿಟ್ಟು!

"ಅಣ್ಣಾರೆ, ಅವಳೇ ನೋಡಲಿ ಬಿಡಿ" ಎಂದೆ, ಹೆಚ್ಚು ಯೋಚಿಸುವ ಶಕ್ತಿಯೂ ಇಲ್ಲದೆ.

ಅವಳು ಮೇಜಿನ ಮುಂದೆ ಕುಳಿತಳು. ಹೊಸದೊಂದನ್ನು ತೆರೆದು ಮುಚ್ಚಿದಳು. ಇನ್ನೊಂದನ್ನೂ ಮುಚ್ಚಿದಳು. ಫೇಲಾದವುಗಳ ರಾಶಿಯ ತಳದಲ್ಲಿ ಬೆನ್ನು ಕಿತ್ತ ಹಳೆಯದೊಂದಿತ್ತು, ಅದನ್ನು ಎಳೆದಳು. ಅದರ ಅಂಚುಗಳಲ್ಲೆಲ್ಲ ಕೆಂಪು ಪೆನ್ಸಿಲಿನ ಕನ್ನಡ. ಪುಸ್ತಕ ಎಲ್ಲೆಲ್ಲಿ 'ಇದು ಸುಲಭವಾಗಿ ತಿಳಿಯುತ್ತದೆ' ಎಂದು ಹಾರಿತ್ತೋ ಅಲ್ಲೆಲ್ಲ ಷಡ್ಡಕರು ನಿಂತು, ಬಿಟ್ಟ ಮೆಟ್ಟಿಲುಗಳನ್ನು ಒಂದೊಂದಾಗಿ ಕಟ್ಟಿದ್ದರು. ಅವಳು ಅರ್ಧ ಗಂಟೆ ತಲೆ ಎತ್ತಲಿಲ್ಲ.

"ಸರ್, ಇದು ಕೊಡ್ರಿ."

"ಅದು ಬ್ಯಾಡವ್ವ, ಎಲ್ಲದಕ್ಕಿಂತ ಕೆಟ್ಟದ್ದು ಅದು."

"ಅಚ್ಚಾಗಿದ್ದು ನಂಗೂ ತಿಳೀಲಿಲ್ರಿ. ನೀವು ಬರೆದಿದ್ದು ತಿಳೀತೈತ್ರಿ."

ಅವಳು ಅತ್ತಿಗೆಯ ಕೈಯ ಚಹಾ ಕುಡಿಯಲು ಒಳಗೆ ಹೋದಾಗ ಷಡ್ಡಕರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ನಾನು ಕೆಲಸಕ್ಕೆ ಸೇರಿದ ವರ್ಷ ಮೇಷ್ಟ್ರೇ, ಆನಗೋಡಿನ ಕಡೆಯಾಕಿ ಒಬ್ಬಳಿಗೆ ಈ ಪುಸ್ತಕ ನಾನೇ ಕೊಟ್ಟಿದ್ದೆ, ಭಾಳ ಒಳ್ಳೇದು ಅಂತ. ಮೂರು ದಿನಕ್ಕೆ ತಂದು ಮೇಜಿನ ಮ್ಯಾಲಿಟ್ಟು, 'ನಾನೇ ದಡ್ಡಿ ಸರ್' ಅಂದು ಹೋದಳು. ಮತ್ತೆ ಕಾಲೇಜಿಗೆ ಬರಲಿಲ್ಲ. ಆವತ್ತು ಕೂತು ಓದಿದೆ. ದಡ್ಡ ಇದ್ದಿದ್ದು ಪುಸ್ತಕ. ಅದನ್ನ ಹೇಳಾಕೆ ಆಕಿ ಇರಲಿಲ್ಲ. ಅದಕ್ಕೆ ಅದರಾಗೇ ಬರೆದಿಟ್ಟೆ."

ಹುಡುಗಿಯೂ ನಾನೂ ಒಂದೇ ಬಸ್ಸಿನಲ್ಲಿ ಬಂದೆವು. ಅವಳು ಹರಿಹರದಲ್ಲಿ ಬಸ್ಸು ಬದಲಿಸಬೇಕು. ಅರ್ಜಿ ಎಲ್ಲಿಟ್ಟಳೋ ನಾನು ಕೇಳಲಿಲ್ಲ. ಪುಸ್ತಕ ಮಾತ್ರ ತೊಡೆಯ ಮೇಲೆ ತೆರೆದಿತ್ತು. ನನಗೆ ಕಣ್ಣು ಹತ್ತುತ್ತಿದ್ದಾಗ ಮೆಲ್ಲಗೆ ಕರೆದಳು.

"ಸರ್, ಇಲ್ಲಿ ನೋಡ್ರಿ. 'ಇಲ್ಲಿ ತಿಳೀದಿದ್ರೆ ಹೆದರಬ್ಯಾಡವ್ವ, ನಾನೂ ಎರಡು ದಿನ ಇಲ್ಲೇ ಕೂತಿದ್ದೆ' ಅಂತ ಬರೆದಾರ್ರಿ. ಯಾರಿಗ್ರಿ ಇದು?"

"ನಿನಗೇ ಅವ್ವ" ಎಂದೆ.