ಮುದ್ದೇಬಿಹಾಳಕ್ಕೆ ಹೋದ ನಮ್ಮ ಚಾಕುವಿಗೆ ಒಂದು ಅಹವಾಲು

ಇಂಡಿ, ಶ್ರಾವಣ ಮಾಸ, ೧೯೬೨

ಮಾನ್ಯ ಚಾಕು ಸಾಹೇಬರೇ,

ಮುದ್ದೇಬಿಹಾಳದ ಬೀಗರ ಅಡಿಗೆಮನೆಯಲ್ಲಿ ತಾವು ಕ್ಷೇಮವಾಗಿಯೂ ಹರಿತವಾಗಿಯೂ ಇರುವಿರೆಂದು ನಂಬಿ, ಬೆರಳುಗಳನ್ನು ಮಡಚಿಕೊಂಡು ದೂರದಿಂದಲೇ ನಮಸ್ಕರಿಸುತ್ತೇನೆ. ಮೊದಲು ಖರ್ಚಿನ ಬಾಬತ್ತು: ಉಪ್ಪಿನಕಾಯಿಯ ಭರಣಿ ಒಂದು, ಬಲಗೈ ಹೆಬ್ಬೆರಳಿನ ಚರ್ಮ ಮೂರು ಕಡೆ, ಜಜ್ಜಿಹೋದ ಲಿಂಬೆಹಣ್ಣು ನಲವತ್ತೊಂದು, ಮತ್ತು ಮೂವತ್ತು ವರ್ಷ ಸಂತೆಯಲ್ಲಿ ಮಾತಾಡಿ ಗಳಿಸಿದ ಜಾಣನೆಂಬ ಹೆಸರು, ಪೂರ್ತಿ. ಇಷ್ಟೆಲ್ಲ ತಮ್ಮ ಅಲಗಿನ ಧಾರೆಯೊಂದರ ಸಲುವಾಗಿ.

ಮದುವೆಯಾದ ಮೇಲಿನ ಮೊದಲ ಪಂಚಮಿಗೆ ತವರಿಗೆ ಬಂದ ಮಗಳು ವೇಣು, ಚೀಲ ಇಳಿಸುವ ಮೊದಲೇ ಕಣ್ಣು ತುಂಬಿಕೊಂಡು, ಅವಳ ಅತ್ತೆ ಹತ್ತು ಜನರ ಮುಂದೆ "ಇಂಡಿಯವರ ಉಪ್ಪಿನಕಾಯಿ ಬರೇ ಬಾಯಾಗ ಅದ, ಎಲಿಗೆ ಇನ್ನೂ ಬಂದಿಲ್ಲ" ಎಂದದ್ದನ್ನು ಹೇಳಿದಳು. ಲಿಂಬೆ ದಲಾಲನ ಮಗಳು ಉಪ್ಪಿನಕಾಯಿ ಇಲ್ಲದೆ ತಿರುಗಿ ಹೋದರೆ ಆ ಮನೆಯಲ್ಲಿ ವರ್ಷವಿಡೀ ತಲೆ ತಗ್ಗಿಸಬೇಕು. ಮುನ್ನೂರು ಹಣ್ಣು ತಂದು ಸುರಿದೆ. ತಾವು ಮೊದಲನೆಯ ಹಣ್ಣಿನ ಮೇಲೆ ಕುಳಿತಿರಿ, ಕುಳಿತೇ ಇದ್ದಿರಿ; ಅರ್ಜಿಯ ಮೇಲೆ ಕುಳಿತ ಅಧಿಕಾರಿಯಲ್ಲೂ ಅಂಥ ಸ್ಥಿರತೆಯನ್ನು ನಾನು ಕಂಡಿಲ್ಲ. "ಊರಿಗೆಲ್ಲಾ ಲಿಂಬಿ ಮಾರತೀರಿ, ಮನ್ಯಾಗ ಒಂದು ಲಿಂಬಿ ಹೆಚ್ಚಲಿಕ್ಕೆ ಚಾಕು ಇಲ್ಲ" ಎಂದು ನನ್ನ ಹೆಂಡತಿ ರುಕ್ಮಿಣೀಬಾಯಿ ತಮ್ಮ ಬದಲು ನನ್ನನ್ನು ಬೈದಳು.

ಆದ್ದರಿಂದ ತಮಗೆ ಯಾವ ಉಪಚಾರ ಹಿಡಿಸುವುದೆಂದು ಹುಡುಕತೊಡಗಿದೆ. ಭರಣಿಯ ತಳದ ಒರಟು ಅಂಚಿಗೆ ತಿಕ್ಕಿದೆ. ಭರಣಿ ಎರಡಾಯಿತು, ತಾವು ಹಾಗೇ ಇದ್ದಿರಿ. ಮೆಟ್ಟಿಲ ಕಲ್ಲಿಗೆ ಉಜ್ಜಿದೆ. ಗರಗಸದ ಹಲ್ಲು ತೋರಿಸಿ ನಕ್ಕಿರಿ. ಸಾಣೆ ಹಿಡಿಯುವ ರಸೂಲಸಾಬರಿಗೆ ಕೊಡೋಣವೆಂದರೆ, ಕಟುಕರ ಕತ್ತಿ ಹಾಯ್ದ ಚಕ್ರಕ್ಕೆ ಸೋಕಿದ ಚಾಕು ತನ್ನ ಒಲೆಯ ಹತ್ತಿರ ಬರಕೂಡದೆಂದು ರುಕ್ಮಿಣೀಬಾಯಿಯ ಅಪ್ಪಣೆ. ಅದಕ್ಕೆ ಬೇಸರಿಸದ ಆ ಪುಣ್ಯಾತ್ಮರು ಯಾರೂ ಮುಟ್ಟದ ಹೊಸ ಸಾಣೆಕಲ್ಲೊಂದನ್ನು ಕೊಟ್ಟು, "ಪಂಢರಿನಾಥರ, ಸಿಟ್ಟಿಲೆ ತಿಕ್ಕಬ್ಯಾಡ್ರಿ. ನೀರ ಹಾಕ್ರಿ, ಓರೆ ಹಿಡೀರಿ, ಸಾವಕಾಶ ಎಳೀರಿ. ಅದು ಚಾಕು ಐತ್ರಿ, ಮಾತಿಗೆ ಬಗ್ಗೂ ಗಿರಾಕಿ ಅಲ್ಲ" ಎಂದರು.

ಬಾಯಿ ಮುಚ್ಚಿಕೊಂಡು ಎಳೆದೆ. ಹೆಣ್ಣುಮಕ್ಕಳು ಹುತ್ತಕ್ಕೆ ಹೋಗಿದ್ದ ಹೊತ್ತಿನಲ್ಲಿ ತಾವು ಏಕಾಏಕಿ ಕೃಪೆದೋರಿ ನನ್ನ ಮುಂಗೈ ಕೂದಲನ್ನು ಗಾಳಿಯಂತೆ ತೆಗೆದಿರಿ; ತಮ್ಮನ್ನು ಎತ್ತಿ ಹಿಡಿದು ಪಡಸಾಲೆಯಲ್ಲಿ ಎರಡು ಸುತ್ತು ಕುಣಿದೆ, ಮೂರನೆಯ ಸುತ್ತಿಗೆ ಬಾಗಿಲಲ್ಲಿ ರುಕ್ಮಿಣೀಬಾಯಿ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. "ಏನ್ರಿ ಇದು! ನಾವು ನಾಗಪ್ಪಗ ಹಾಲೆರದು ಬಂದೇವಿ, ನೀವು ಯುದ್ಧಕ್ಕ ಹೊಂಟೀರೇನು? ಇವತ್ತ ಪಂಚಮಿ, ಮನ್ಯಾಗ ಕೊತಂಬರಿ ಸುದ್ದಾ ಹೆಚ್ಚೂಹಂಗಿಲ್ಲ!" ಚಾಕು ಮುಟ್ಟಬಾರದ ಹಬ್ಬದ ದಿನವನ್ನೇ ಆರಿಸಿ ಹರಿತವಾದ ತಮ್ಮ ಸಮಯಪ್ರಜ್ಞೆಗೆ ಶರಣು. ಮರುದಿನ ನಸುಕಿನ ಬಸ್ಸಿಗೆ ಅಳಿಯಂದಿರು ಮಗಳನ್ನು ಕರೆದೊಯ್ಯುವವರಿದ್ದರು.

ವೇಣು ಈ ಸಲ ಅಳಲಿಲ್ಲ. ಉಳಿದ ಹಣ್ಣನ್ನು ಚೀಲಕ್ಕೆ ತುಂಬಿ, ತಮ್ಮನ್ನು ಹಳೆಯ ಧೋತರದಲ್ಲಿ ಸುತ್ತಿ, "ಅಪ್ಪಾ, ಅಲ್ಲೇ ಹಾಕತೀನಿ, ಅತ್ತಿ ಕೈಲೇ ಹೆಚ್ಚಸ್ತೀನಿ. ತಾವು ಹೆಚ್ಚಿದ್ದನ್ನ ತಾವೇ ಹ್ಯಾಂಗ ಹಳೀತಾರ?" ಎಂದು ಬಸ್ಸು ಹತ್ತಿದಳು. ತಮ್ಮ ಧಾರೆಗೆ ಬೀಗಿತ್ತಿ ಎಷ್ಟು ಮೈಮರೆತರೆಂದರೆ, ಸೊಸೆಗೆ ಒಂದು ಹಣ್ಣನ್ನೂ ಬಿಡಲಿಲ್ಲವಂತೆ, ತಮ್ಮನ್ನು ತಿರುಗಿ ಕಳಿಸುವ ಮಾತನ್ನೂ ಎತ್ತಲಿಲ್ಲವಂತೆ. ಈಗ ಓಣಿಯೆಲ್ಲ ಸೊಸೆಯ ತವರಿನ ಲಿಂಬೆಯ ವರ್ಣನೆಯಂತೆ.

ಆದಕಾರಣ ವಿನಂತಿ: ಏಕಾದಶಿಯಂದು ತಮಗೆ ಅಲ್ಲಿ ಕೆಲಸವಿರುವುದಿಲ್ಲವಾದ್ದರಿಂದ, ಬಾಗೇವಾಡಿಯ ಮೇಲಿನ ಬಸ್ಸು ಹಿಡಿದು ಇಂಡಿಗೆ ದಯಮಾಡಿಸಿ, ದ್ವಾದಶಿಯ ನಸುಕಿನಲ್ಲಿ ನಮ್ಮ ಸವತೆಕಾಯಿ ಹೆಚ್ಚಿ, ಬೀಗರು ಪಾರಣೆಗೆ ಕೂಡುವುದರೊಳಗೆ ಮುದ್ದೇಬಿಹಾಳ ಸೇರಬೇಕು. ಕಂಡಕ್ಟರು ತಕರಾರು ತೆಗೆದರೆ, ಧಾರೆ ತೋರಿಸದೆ ನನ್ನ ಹೆಸರು ಹೇಳಿರಿ.

ಗಾಯ ಮಾದರೂ ಗೌರವ ಮಾಯದ,
ತಮ್ಮ ವಿಶ್ವಾಸಿ
ಪಂಢರಿನಾಥ, ಲಿಂಬೆ ದಲಾಲ

ತಾ.ಕ.: ಯಾರಿಗೆ ಏನು ದಕ್ಕಿತೆಂಬುದು ತಮಗೂ ತಿಳಿದಿರಲಿ. ಬೀಗಿತ್ತಿಗೆ ಚಾಕು ಮತ್ತು ಉಪ್ಪಿನಕಾಯಿ. ವೇಣುವಿಗೆ ಆ ಮನೆಯಲ್ಲಿ ಮರ್ಯಾದೆ. ರಸೂಲಸಾಬರಿಗೆ ಐವತ್ತು ಲಿಂಬೆ. ರುಕ್ಮಿಣೀಬಾಯಿಗೆ ಊರೆಲ್ಲ ಹೇಳಿ ನಗಲು ಒಂದು ಕತೆ. ನನಗೆ ಉತ್ತಮ ಸಾಣೆಕಲ್ಲು. ಅದಕ್ಕೆ ಹಿಡಿಯಲು ಮನೆಯಲ್ಲಿ ಏನೂ ಇಲ್ಲ.