ಸವಾರಿ ಮೇಷ್ಟ್ರ ನೇಮಕ

ಮೂರೂರು ಅಶ್ವಾರೋಹಿಗಳ ಸಂಘದ ಚಳಿಗಾಲದ ಕುದುರೆ ಪ್ರದರ್ಶನದಲ್ಲಿ, ಸಂಘ ಹುಟ್ಟಿದಂದಿನಿಂದ ೧೯೭೮ರವರೆಗೆ, ಯಾವ ಸದಸ್ಯರೂ ಸೋತಿರಲಿಲ್ಲ. ಸಂಘದ ಗುಮಾಸ್ತನಾದ ನಾನು ಇದನ್ನು ಕಡತ ನೋಡಿಯೇ ಹೇಳುತ್ತಿದ್ದೇನೆ.

ಸದಸ್ಯರು ಒಂಬತ್ತು ಮಂದಿ. ಒಬ್ಬರು ಗೆದ್ದರೆ ಎಂಟು ಮಂದಿ ಮುನಿಸಿಕೊಳ್ಳುತ್ತಾರೆಂದು ಮೊದಲ ಸಭೆಯಲ್ಲೇ ಮನಗಂಡು ಒಂಬತ್ತು ವಿಭಾಗಗಳನ್ನು ಮಾಡಲಾಗಿತ್ತು. ಅಧ್ಯಕ್ಷರಾದ ಬಿಕ್ಕೋಡಿನ ಕಾಫಿ ತೋಟದ ದೇವೀರಪ್ಪನವರು 'ಕನ್ನಡಕ ಧರಿಸಿದ ಸವಾರರ ಕಂದು ಕುದುರೆ' ವಿಭಾಗದಲ್ಲಿ ಎಂಟು ವರ್ಷ ಸತತವಾಗಿ ಪ್ರಥಮ. ಕಾರ್ಯದರ್ಶಿಗಳಾದ ಹಳೇಬೀಡಿನ ಜಮೀನುದಾರ ಜೀವಂಧರಯ್ಯನವರು 'ಯಗಚಿ ಹೊಳೆಯಿಂದ ಪೂರ್ವಕ್ಕೆ ಹುಟ್ಟಿದ ಬಿಳಿ ಕುದುರೆ'ಯಲ್ಲಿ ಪ್ರಥಮ.

ಬೇಲಿ ಹಾರುವ ಸ್ಪರ್ಧೆಯೂ ಇತ್ತು. ಬೇಲಿಯ ಎತ್ತರ ಮೊದಲು ಮೂರೂವರೆ ಅಡಿ. ಕುದುರೆಗಳು ಅದನ್ನು ಮೂಸಿ ನೋಡಿ ಹಿಂತಿರುಗುತ್ತಿದ್ದುದರಿಂದ ವರ್ಷಕ್ಕೆ ಅರ್ಧ ಅಡಿಯಂತೆ ಇಳಿಸಲಾಯಿತು. ಎಂಟನೆಯ ವರ್ಷ ನೆಲದ ಮೇಲೆ ಸುಣ್ಣದ ಗೆರೆ ಮಾತ್ರ ಉಳಿಯಿತು. ಎಂಟು ಕುದುರೆಗಳು ಅದನ್ನು ದಾಟಿದವು. ಒಂದು ನೆಕ್ಕಿತು. ಅದಕ್ಕೂ ಬಹುಮಾನ ಬಂತು.

ಮರುದಿನ ಸವಾರಿ ಮೇಷ್ಟ್ರು ಕಾರಣ ಬರೆಯದೆ ರಾಜೀನಾಮೆ ಕೊಟ್ಟು ಹೋದರು. ಮುಂದಿನ ಪ್ರದರ್ಶನಕ್ಕೆ ಮುಂಚೆ ಸಂಘ ಪ್ರಕಟಣೆ ಹೊರಡಿಸಿತು: 'ಪ್ರದರ್ಶನದ ದಿನ ಮೂರೂವರೆ ಅಡಿಯ ಐದು ಬೇಲಿಗಳನ್ನು ಹಾರಿದವರಿಗೆ ಮೇಷ್ಟ್ರ ಹುದ್ದೆ ಕೊಡಲಾಗುವುದು. ಸದಸ್ಯರು ಹಾರಬೇಕಾಗಿಲ್ಲ.'

ಬಂದವನು ಒಬ್ಬನೇ. ಬಾಣಾವರ ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದ ಕೆಂಚಪ್ಪ. ಆಟೋಗಳು ಬಂದ ಮೇಲೆ ಅವನ ಗಾಡಿ ಹತ್ತುವವರು ಕಡಿಮೆಯಾಗಿದ್ದರು. ಹೆಂಡತಿ ದ್ಯಾವಮ್ಮ, "ಚೆನ್ನಿಗೆ ಹುಳ್ಳಿ ಹಾಕಕ್ಕೆ ಆಗ್ತಿಲ್ಲ, ಮಾರ್ಬುಡಾಣ ಕಣಯ್ಯ" ಎಂದಿದ್ದಳು. ಚೆನ್ನಿ ಎಂದರೆ ಹನ್ನೊಂದು ವರ್ಷದಿಂದ ಆ ಗಾಡಿ ಎಳೆದ ಹೆಣ್ಣು ಕುದುರೆ. ಸೋಮವಾರ ತಿಪಟೂರಿನವರು ಕೊಳ್ಳಲು ಬರುವವರಿದ್ದರು. ಪ್ರದರ್ಶನ ಇದ್ದದ್ದು ಭಾನುವಾರ.

ಅರ್ಜಿಗೆಂದು ಬೇರೆ ಫಾರಂ ಅಚ್ಚು ಹಾಕಿಸಿರಲಿಲ್ಲವಾದ್ದರಿಂದ ಸ್ಪರ್ಧೆಯ ಫಾರಂನಲ್ಲೇ ತುಂಬಿದೆ. ಅದರಲ್ಲಿ 'ಕುದುರೆಯ ಹೆಸರು' ಎಂಬ ಒಂದೇ ಕಾಲಂ ಇತ್ತು.

"ನನ್ನೆಸ್ರು ಬರ್ಕಳಲ್ವಾ ಸ್ವಾಮಿ?"

"ಅದಕ್ಕೆ ಜಾಗ ಇಲ್ಲ ಕೆಂಚಪ್ಪ" ಎಂದೆ.

ಪ್ರದರ್ಶನ ನಡೆದದ್ದು ಬಾಣಾವರದಲ್ಲಿ, ಸ್ಟೇಷನ್ನಿನ ಪಕ್ಕದ ಬಯಲಿನಲ್ಲಿ. ಸದಸ್ಯರು ತಮ್ಮ ತಮ್ಮ ವಿಭಾಗಗಳಲ್ಲಿ ಗೆದ್ದಾದ ಮೇಲೆ ಕೆಂಚಪ್ಪನನ್ನು ಕರೆಯಲಾಯಿತು. ಅವನು ಬೇಲಿಗಳ ಈಚೆ ತುದಿಯಲ್ಲಿ ಚೆನ್ನಿಯ ಬರಿಬೆನ್ನ ಮೇಲೆ ಕೂತು ಅಲುಗಲಿಲ್ಲ.

"ಏನಯ್ಯ, ಹೊರಡು" ಎಂದರು ದೇವೀರಪ್ಪನವರು.

"ವಸಿ ತಡೀರಿ ಬುದ್ಧಿ, ಪ್ಯಾಸೆಂಜರ್ ಬರ್ಲಿ."

ಹಾಗೆ ತಡೆಯಬಾರದೆಂಬ ನಿಯಮ ಇರಲಿಲ್ಲ. ಇಪ್ಪತ್ತು ನಿಮಿಷ ಕಾದೆವು. ರೈಲು ದೂರದಲ್ಲಿ ಕೂಗಿತು. ಆ ಕೂಗು ಕೇಳಿದೊಡನೆ ಸ್ಟೇಷನ್ ಬಾಗಿಲಿಗೆ ಓಡಿ ಹೋಗಿ ನಿಲ್ಲುವುದು ಚೆನ್ನಿಯ ರೂಢಿ. ನಡುವೆ ಐದು ಬೇಲಿಗಳಿದ್ದವು. ಅವಳು ಅವುಗಳ ಬಗ್ಗೆ ಹೆಚ್ಚು ಯೋಚಿಸಿದಂತೆ ಕಾಣಲಿಲ್ಲ. ಐದನ್ನೂ ಹಾರಿ, ಬಯಲು ದಾಟಿ, ಸ್ಟೇಷನ್ ಬಾಗಿಲಲ್ಲಿ ನಿಂತಳು. ಗಂಟು ಹೊತ್ತ ಮುದುಕಿಯೊಬ್ಬಳು, "ಸಂತೆ ಬೀದಿಗೆ ಬತ್ತೀಯೇನಪ್ಪ?" ಎಂದು ಕೇಳಿದಳು. ಕೆಂಚಪ್ಪ ಕುದುರೆಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅಳುತ್ತಿದ್ದ.

ಸಮಿತಿ ಕೂಡಲೇ ಸಭೆ ಸೇರಿತು. ಜಟಕಾದವನಿಂದ ಪಾಠ ಹೇಳಿಸಿಕೊಳ್ಳುವುದು ಸದಸ್ಯರ ಘನತೆಗೆ ಸರಿಹೋಗದೆಂದು ಎಲ್ಲರೂ ಒಪ್ಪಿದರು. ಪ್ರಕಟಣೆ ಹಿಂತೆಗೆದುಕೊಳ್ಳುವುದೂ ಘನತೆಯಲ್ಲ. ಆಗ ಜೀವಂಧರಯ್ಯನವರು ಫಾರಂ ತರಿಸಿ ಓದಿದರು.

"ಇಲ್ಲಿ ಕೆಂಚಪ್ಪ ಅಂತ ಎಲ್ಲೂ ಇಲ್ಲ. ಅರ್ಜಿ ಹಾಕಿರೋದು ಚೆನ್ನಿ."

"ಕುದುರೆ ಸವಾರಿ ಹೇಗ್ರೀ ಕಲಿಸುತ್ತೆ?" ಎಂದರು ದೇವೀರಪ್ಪನವರು.

"ನಮ್ಮ ಪೈಕಿ ಬೇಲಿ ಹಾರೋಕೆ ಇನ್ಯಾರಿಗೆ ಬರುತ್ತೆ ಹೇಳಿ?"

ಸಭೆ ಒಪ್ಪಿತು. ನಾನು ಆದೇಶ ಬರೆದೆ: 'ಕುಮಾರಿ ಚೆನ್ನಿ, ಬಾಣಾವರ, ಇವರನ್ನು ಸವಾರಿ ಶಿಕ್ಷಕಿಯನ್ನಾಗಿ ನೇಮಿಸಲಾಗಿದೆ. ಇವರ ಮಾತನ್ನು ಸದಸ್ಯರಿಗೆ ತಿಳಿಸಲು ಕೆಂಚಪ್ಪ ಎಂಬುವರನ್ನು ತಾತ್ಕಾಲಿಕ ಸಹಾಯಕರನ್ನಾಗಿ ಇಟ್ಟುಕೊಳ್ಳತಕ್ಕದ್ದು.' ಸ್ವೀಕೃತಿಗೆ ಗೊರಸಿನ ಗುರುತು ಹಾಕಿಸಿದೆ.

ಆದೇಶ ಓದಿ ಹೇಳಿದಾಗ ಕೆಂಚಪ್ಪ ಕೇಳಿದ್ದು ಒಂದೇ: "ಹಂಗಾರೆ ಇನ್ಮೇಲೆ ಇವಳ್ನ ಮಾರಂಗಿಲ್ವಾ ಸ್ವಾಮಿ?"

"ಹುದ್ದೆಯಲ್ಲಿರೋರನ್ನ ಮಾರೋಕೆ ಬರೋದಿಲ್ಲ" ಎಂದೆ.

ಅವನು ಆದೇಶವನ್ನು ಮಡಿಸಿ ರುಮಾಲಿನೊಳಗೆ ಇಟ್ಟುಕೊಂಡ. ಸೋಮವಾರ ತಿಪಟೂರಿನವರಿಗೆ ದ್ಯಾವಮ್ಮ, "ಅವ್ಳು ಈಗ ಕೆಲ್ಸುದಲ್ಲವ್ಳೆ" ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದಳಂತೆ.

ಪಾಠ ಚೆನ್ನಾಗಿಯೇ ನಡೆಯಿತು. "ಮಂಡಿ ಬಿಗಿ ಹಿಡೀಬೇಕಂತೆ ಬುದ್ಧಿ, ಮೇಡಮ್ಮೋರು ಹೇಳ್ತಾವ್ರೆ" ಎಂದು ಕೆಂಚಪ್ಪ ಹೇಳಿದರೆ ದೇವೀರಪ್ಪನವರು ತಕ್ಷಣ ಬಿಗಿ ಹಿಡಿಯುತ್ತಿದ್ದರು. ಎರಡು ವರ್ಷದಲ್ಲಿ ಬೇಲಿ ಒಂದಡಿ ಮೇಲೆದ್ದಿತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಕೆಂಚಪ್ಪ ನಾದಿನಿಯ ಮದುವೆಗೆ ಒಂದು ದಿನದ ರಜೆ ಕೇಳಿದ. ಸಹಾಯಕರ ಅರ್ಜಿ ಶಿಕ್ಷಕರ ಮೂಲಕವೇ ಬರಬೇಕು. ಅವನು ಅದನ್ನು ಚೆನ್ನಿಯ ಮುಂದೆ ಹಿಡಿದ. ಅವಳು ಅರ್ಧ ತಿಂದಳು. ಸಮಿತಿ ಉಳಿದರ್ಧವನ್ನು ಪರಿಶೀಲಿಸಿ, ಅರ್ಧ ದಿನದ ರಜೆ ಮಂಜೂರಾಗಿದೆ ಎಂದು ತೀರ್ಮಾನಿಸಿತು. ಕೆಂಚಪ್ಪ ಧಾರೆಗೆ ಮಾತ್ರ ಹೋಗಿ, ಊಟಕ್ಕೆ ನಿಲ್ಲದೆ, ಮಧ್ಯಾಹ್ನದ ಹೊತ್ತಿಗೆ ಕೆಲಸಕ್ಕೆ ಹಾಜರಾದ.